ಸಾಹೇಬರ ತಲೆಯ ಅಳತೆ

ಮೊನ್ನೆ ಅಂಗಡಿಯ ಅಟ್ಟ ಖಾಲಿ ಮಾಡುವಾಗ ಹಳೆಯ ಹೆಲ್ಮೆಟ್ ಪ್ಯಾಡೊಂದು ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ... ಲೋಧಿ ಕಾಲೋನಿಯ ಸಾಹೇಬರ ತಲೆಯದು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ನಾನು ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಬೈಕ್ ಹೆಲ್ಮೆಟ್ ಮಾರುತ್ತಿದ್ದೆ. ಸಾಹೇಬರು ರಕ್ಷಣಾ ಇಲಾಖೆಯ ದೊಡ್ಡ ಅಧಿಕಾರಿ; ಅಲ್ಲಿ ಯುದ್ಧವಿಮಾನದ ಪೈಲಟ್‌ಗಳಿಗೊಂದು ಹೆಲ್ಮೆಟ್ ಮಾಡಿಸುತ್ತಿದ್ದರು. ಪೈಲಟ್ ಎತ್ತ ತಿರುಗಿದರೂ ಕಣ್ಣೆದುರಿನ ಗಾಜಿನ ಮೇಲೆ, ಗುರಿಯ ಸುತ್ತ, ಹಸಿರು ವೃತ್ತ ಮೂಡಬೇಕು. ಒಳಗಿನ ಪ್ಯಾಡ್ ಹೊಲಿಯಲು, ತಮ್ಮಂತೆ ಕನ್ನಡದವನೆಂದು, ನನ್ನನ್ನು ಕರೆಸಿದರು. ಆ ಒಂದು ಉಪಕಾರ ಇಲ್ಲವೆನ್ನಲಾರೆ. ಆರ್ಡರ್ ಸಿಕ್ಕಿದರೆ ದಿಲ್ಲಿಯಾಚೆಯ ಮಾನೇಸರ್‌ನಲ್ಲಿ ಸ್ವಂತ ಕಾರ್ಖಾನೆ ಹಾಕುವ ಆಸೆ ನನ್ನದು.

ಅವರು ಪ್ರತಿ ಸ್ಯಾಂಪಲ್ಲನ್ನೂ ತಮ್ಮ ತಲೆಗೇ ಹಾಕಿಕೊಂಡು, ಎಸಿ ಕೋಣೆಯಲ್ಲಿ ಅಲ್ಲಾಡದೆ ಕೂತು, ಪಾಸು ಮಾಡುತ್ತಿದ್ದರು. ಕುಂಬಳಕಾಯಿಯಂಥ ತಲೆ. ಕೈಕೆಳಗಿನವರೆಲ್ಲ "ಪರ್ಫೆಕ್ಟ್ ಸರ್" ಎನ್ನುತ್ತಿದ್ದರು.

"ಸಾರ್, ವಿಮಾನ ಹಾರಿಸೋರ ತಲೆ ಅಳತೆ ತಗೊಳ್ಳೋಣ," ಎಂದೆ ಒಮ್ಮೆ.

"ನೀನು ಪ್ಯಾಡ್ ಹೊಲಿಯೋನಪ್ಪ. ಹೊಲಿ."

ಹೊಲಿದೆ.

ಪರೀಕ್ಷೆಯ ದಿನ ಸಣಕಲು ಪೈಲಟ್ ಒಬ್ಬ ಬಂದ. ಹೆಲ್ಮೆಟ್ ತೊಟ್ಟು ಕುರ್ಚಿಯಲ್ಲಿ ಕೂತು ಎಡಕ್ಕೆ ತಿರುಗಿದ. ತಲೆ ತಿರುಗಿತು, ಹೆಲ್ಮೆಟ್ ಇದ್ದಲ್ಲೇ ಇತ್ತು.

"ಸರ್, ಸರ್ಕಲ್ ಗಾಯಬ್!" ಹಸಿರು ವೃತ್ತ ಮಾಯವಾಗಿತ್ತು.

ಸಾಹೇಬರು ಗಂಭೀರವಾಗಿ, "ಗರ್ದನ್ ಮತ್ ಹಿಲಾವೋ," ಎಂದರು. ಕತ್ತು ಅಲ್ಲಾಡಿಸಬಾರದಂತೆ! ಕತ್ತು ತಿರುಗಿಸಿ ಗುರಿ ಹಿಡಿಯಲೆಂದೇ ಮಾಡಿಸಿದ ಹೆಲ್ಮೆಟ್ಟು... ಯಾರೂ ನಗಲಿಲ್ಲ. ಎಂಥ ಜನ!

ಪೈಲಟ್ ನನ್ನತ್ತ ನೋಡಿದ. "ಭಯ್ಯಾ, ನೀವೇ ಹೇಳಿ. ಢೀಲಾ ಹೈ ನಾ?"

ಸಡಿಲವೇ ಆಗಿತ್ತು. ನಾನು ಸಾಹೇಬರ ಮುಖ ನೋಡಿದೆ; ಆರ್ಡರ್ ಕಣ್ಮುಂದೆ ಬಂತು. "ಬಿಲ್ಕುಲ್ ಫಿಟ್ ಹೈ, ಸಾಬ್," ಸರಿಯಾಗೇ ಕೂತಿದೆ ಎಂದುಬಿಟ್ಟೆ.

ವಾರದೊಳಗೆ ವರದಿ ಬಂತು: ಪ್ಯಾಡ್ ಹೊಲಿದವನ ದೋಷ. ಸಾಹೇಬರದೇ ಸಹಿ. ಆರ್ಡರೂ ಹೋಯಿತು, ಕಾರ್ಖಾನೆಯೂ ಹೋಯಿತು. ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು: ಸುತ್ತ ಬರೀ ಹೂಂಗುಟ್ಟುವವರನ್ನೇ ಇಟ್ಟುಕೊಂಡವನ ಸಹವಾಸ ಬೇಡ. ಅವನ ತಪ್ಪು ಕಡೆಗೆ ಕಟ್ಟುವುದು ನಿಮ್ಮ ತಲೆಗೇ.

ಸಾಹೇಬರು ಹೋದ ಚಳಿಗಾಲ ತೀರಿಕೊಂಡರಂತೆ. ನಾನು ಕೊನೆಯ ದರ್ಶನಕ್ಕೂ ಹೋಗಲಿಲ್ಲ. ದಿಲ್ಲಿಯಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದವರು ಅವರೊಬ್ಬರೇ, ಈಗ ಅವರೂ ಇಲ್ಲ... ಅಷ್ಟಕ್ಕೆ ಮನಸ್ಸು ಚುರ್ರೆಂದದ್ದು ನಿಜ.

ಇವತ್ತಿಗೂ ಹೆಲ್ಮೆಟ್ ಕೊಳ್ಳಲು ಬಂದವರಿಗೆ, "ಹಾಕ್ಕೊಂಡು ತಲೆ ಜೋರಾಗಿ ಅಲ್ಲಾಡಿಸಿ," ಎನ್ನುತ್ತೇನೆ. ಜಾರಿದರೆ, ಗಿರಾಕಿ ಬೇಡಿದರೂ ಕೊಡುವುದಿಲ್ಲ. ನಿಯತ್ತಿನ ಅಂಗಡಿ ಎಂದು ಹೊಗಳುತ್ತಾರೆ. ಆ ಪೈಲಟ್ ಮಾತ್ರ ಎಂದೂ ಈ ಕಡೆ ಬರಲಿಲ್ಲ.