ಕೂರಿಸಿ ಅಳೆಯುತ್ತಿದ್ದ ಮೌಲಾಸಾಬ ಮೇಸ್ತ್ರಿ

ಖಾಲಿ ಗಾಡಿಯ ಎತ್ತರವನ್ನು ಮೌಲಾಸಾಬ ಮೇಸ್ತ್ರಿ ಎಂದೂ ಅಳೆದವರಲ್ಲ. ರಾಯಚೂರಿನ ಕೋಟೆಗೋಡೆಯ ಬದಿಯ ಅವರ ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತೆಂದರೆ, ದಿನಾ ಮುಂದೆ ಕೂರುವವರನ್ನು ಒಳಗೆ ಹತ್ತಿಸುತ್ತಿದ್ದರು. ತಾವು ನೆಲಕ್ಕೆ ಕುಕ್ಕರಿಸಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ಎಣಿಸುತ್ತಿದ್ದರು. ಎರಡೂ ಕಡೆ ಸಮ ಬರದಿದ್ದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಮಾನು ಬಿಚ್ಚಿ ಇನ್ನೊಂದು ಪಟ್ಟಿ ಏರಿಸುವುದೇ. "ಗಾಡಿ ಮಂದೀನ್ನ ಹೊತ್ಕೊಂಡು ಓಡ್ತದ, ಗಾಳೀನ್ನ ಅಲ್ಲ" ಎನ್ನುತ್ತಿದ್ದರು.

ಡ್ರೈವರುಗಳಾದ ನಮ್ಮನ್ನು ಬಾಯಿತುಂಬ ಬೈಯುತ್ತಿದ್ದರು. ನಾನೊಮ್ಮೆ ಕಮಾನಿನ ಸಂದಿಗೆ ಮರದ ತುಂಡು ಬಡಿದು ಎತ್ತರ ಸರಿಮಾಡಿಕೊಂಡಿದ್ದೆ. ಅದನ್ನು ಕಿತ್ತು ನನ್ನ ಕೈಗಿಟ್ಟು, ಇದು ನಿನ್ನ ಹೆಂಡತಿಯ ಒಲೆಗೆ ಬೇಕಾದದ್ದು, ಇಲ್ಲಿಟ್ಟರೆ ಅವಳು ಕುಂಕುಮ ಕಳೆದುಕೊಳ್ಳುತ್ತಾಳೆ ಎಂದರು. ಆಮೇಲೆ ರೊಟ್ಟಿ ಕೊಟ್ಟು, ಮಧ್ಯಾಹ್ನವೆಲ್ಲ ಪಟ್ಟಿ ಜೋಡಿಸುವುದನ್ನು ಕಲಿಸಿದರು.

ಅಂಥವರಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದು ಎರಡನೇ ಮಹಾ ಲಡಾಯಿಯ ಕಾಲ, ಹೊಸ ಗಾಡಿ ಸಿಗುತ್ತಿರಲಿಲ್ಲ. ದೇವದುರ್ಗದ ನಮ್ಮ ಸಾಹುಕಾರನ ಹಳೆಯ ಪಿಕಪ್ಪು ಎಡಕ್ಕೆ ವಾಲತೊಡಗಿತು. ವಾಲದೆ ಏನು ಮಾಡೀತು? ಎಡಗಡೆ ಕೂರುವವನು ಅವನು, ಅವನದು ಆನೆಯಂಥ ಮೈ. ಅವನನ್ನು ಕರೆತಾ ಎಂದು ಮೇಸ್ತ್ರಿ ಹೇಳಿದರು. ಹತ್ತು ಮಂದಿಯೆದುರು ತೂಗಿಸಿಕೊಳ್ಳಲು ತಾನೇನು ಹತ್ತಿ ಅಂಡಿಗೆಯೇ ಎಂದು ಸಾಹುಕಾರ ಸಿಡಿದ. ತನ್ನ ಬದಲು ಬಡಕಲು ಗುಮಾಸ್ತನನ್ನು ಕಳಿಸಿ, ಇಬ್ಬರದೂ ಒಂದೇ ತೂಕ ಎನ್ನಬೇಕೆಂದು ನನಗೆ ತಾಕೀತು ಮಾಡಿದ. ಥೂ, ಅವನ ಠೀವಿಗಿಷ್ಟು!

ಸಾಹುಕಾರನನ್ನು ಕಂಡಿರದ ಮೇಸ್ತ್ರಿ, ಗುಮಾಸ್ತನನ್ನು ಬಿಟ್ಟು ನನ್ನನ್ನು ಕೇಳಿದರು: "ಇವರದೂ ಸಾಹುಕಾರ್ರದೂ ವಜನ ಒಂದಾ ಅದ ಏನು? ಖರೇ ಹೇಳು. ನೀ ಹೇಳಿದಂಗ ಕಟ್ತೀನಿ."

"ಒಂದಾ ಅದ ರೀ," ಎಂದೆ.

ಅವರು ಗುಮಾಸ್ತನನ್ನೇ ಕೂರಿಸಿ, ಅವನ ತೂಕಕ್ಕೆ ತಕ್ಕಂತೆ ಕಮಾನು ಕಟ್ಟಿದರು. ಮುಂದಿನ ವಾರ ಮಾನ್ವಿ ರಸ್ತೆಯ ತಗ್ಗೊಂದರಲ್ಲಿ ಎಡಗಾಲಿ ಮಡ್‌ಗಾರ್ಡಿಗೆ ಉಜ್ಜಿ ಟೈರು ಸಿಡಿಯಿತು, ಗಾಡಿ ಹಳ್ಳಕ್ಕೆ ಉರುಳಿತು. ಸಾಹುಕಾರನ ತೋಳು ಮುರಿಯಿತು. ನಾಲಿಗೆ ಮುರಿಯಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಮೌಲಾಸಾಬನಿಗೆ ಕಮಾನು ಕಟ್ಟಲು ಬರುವುದಿಲ್ಲ ಎಂದು ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರಲ್ಲಿ ಸಾರಿಬಿಟ್ಟ. ತಿಂಗಳೊಳಗೆ ಶೆಡ್ಡಿಗೆ ಗಾಡಿ ಬರುವುದೇ ನಿಂತಿತು.

ಮೇಸ್ತ್ರಿ ದೇವದುರ್ಗಕ್ಕೆ ಬಂದರು. ಸಂತೆಯ ದಿನ, ಸಾಹುಕಾರನ ಅಂಗಡಿ ತುಂಬ ಜನ. ಕಟ್ಟೆಯ ಮೇಲೆ ಹರಡಿ ಕೂತಿದ್ದ ಅವನನ್ನು ಕಂಡದ್ದೇ ಅವರಿಗೆ ಎಲ್ಲ ತಿಳಿದುಹೋಯಿತು. ಅವನೊಡನೆ ಮಾತೇ ಆಡದೆ ನನ್ನ ಕಡೆ ತಿರುಗಿದರು.

"ಮಂದಿ ಅದಾರ. ಅವತ್ತ ನೀ ನನಗ ಏನು ಹೇಳಿದ್ದಿ, ಅಷ್ಟಾ ಹೇಳು. ಇಪ್ಪತ್ತು ವರ್ಷದ ಹೆಸರು ಅದ ನಂದು."

ಸಾಹುಕಾರ ನನ್ನನ್ನೇ ನೋಡುತ್ತಿದ್ದ. ಕೆಲಸ ಹೋದರೆ ಹೋಗಲಿ ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೇಡಿ.

"ಅಳತಿ ನಿಮ್ಮದು ರೀ ಮೇಸ್ತ್ರಿ. ನನಗೇನು ಗೊತ್ತು?" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟರು. ಶೆಡ್ಡು ಮುಚ್ಚಿ, ಕವಿತಾಳದಲ್ಲಿ ಎತ್ತಿನ ಬಂಡಿ ರಿಪೇರಿ ಮಾಡುತ್ತಿದ್ದರೆಂದು ಕೇಳಿದೆ. ಅಲ್ಲೇ ತೀರಿಕೊಂಡರಂತೆ. ನಾನು ಒಮ್ಮೆಯೂ ನೋಡಲು ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ಲಡಾಯಿ ಮುಗಿದ ಮೇಲೆ ಸಾಹುಕಾರನಿಗೆ ಹೊಸ ಗಾಡಿ ಬಂತು. ಅದನ್ನು ಓಡಿಸಿದವನೂ ನಾನೇ.