ನಾದಿನಿಯ ಹೆಸರಿಗೆ ಹೋದ ಫಿಲೊ

ಫಿಲೊ ಅಂದರೆ ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಮೈದಾ ಹಾಳೆ. ಅದಕ್ಕೆ ಮೊದಲ ಶತ್ರು ಫ್ಯಾನು. ಗಾಳಿ ತಾಗಿದರೆ ಸಾಕು, ಒಣಗಿ ಚೂರುಚೂರಾಗುತ್ತದೆ. ಮಳವಳ್ಳಿಯ ಸೆಕೆಯಲ್ಲಿ ಫ್ಯಾನ್ ಆರಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ನಾನು ಲಟ್ಟಿಸುತ್ತಿದ್ದರೆ, ಒಳಗೆ ಬಂದವರೆಲ್ಲ "ಅಯ್ಯೋ, ಏನ್ ಸೆಕೆ!" ಎಂದು ಮೊದಲು ಕೈ ಹಾಕುವುದೇ ಸ್ವಿಚ್ಚಿಗೆ. ಎಷ್ಟು ಬೈದರೂ ನನ್ನ ಗಂಡನ ತಲೆಗೆ ಇದು ಹೋಗಲೇ ಇಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ.

ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಮೈದಾಗೆ ಎಣ್ಣೆ, ನಿಂಬೆರಸ ಹಾಕಿ ಮೆತ್ತಗೆ ನಾದಬೇಕು. ನೆನೆದ ಮೇಲೆ ಪೂರಿಯಷ್ಟಗಲ ಲಟ್ಟಿಸಿ, ನಡುನಡುವೆ ಕಾರ್ನ್‌ಫ್ಲೋರ್ ಉದುರಿಸಿ, ಒಂದರ ಮೇಲೊಂದು ಪೇರಿಸಿ, ಎಲ್ಲವನ್ನೂ ಒಟ್ಟಿಗೇ ಮತ್ತೆ ಲಟ್ಟಿಸಬೇಕು. ಆಮೇಲೆ ಬಿಡಿಸಿಕೊಂಡು ಹಾಳೆ ಹಾಳೆಗೂ ತುಪ್ಪ ಸವರಿ, ಹುರಿದ ಕಡಲೆಬೀಜದ ತರಿ, ಏಲಕ್ಕಿ ಹಾಕಿ, ಓವನ್ನಿನಲ್ಲಿ ಬೇಯಿಸಿ, ಮೇಲೆ ಬೆಲ್ಲದ ಪಾಕ ಸುರಿಯುವುದು. ಮೊದಮೊದಲು ಹಾಳೆಗಳೆಲ್ಲ ಅಂಟಿಕೊಂಡು ರೊಟ್ಟಿಯಾದವು. "ಚಿರೋಟಿಗೆ ಬಂದ ಗ್ರಾಚಾರ ಕಣಮ್ಮ ಇದು" ಎಂದು ಅತ್ತೆ ನಕ್ಕರು. ಛಲಕ್ಕೆ ಬಿದ್ದು ಕಲಿತೆ.

ನಾದಿನಿಯನ್ನು ನೋಡಲು ಮದ್ದೂರಿನಿಂದ ಗಂಡಿನ ಕಡೆಯವರು ಬಂದ ದಿನ ಅದನ್ನೇ ಮಾಡಿದೆ. ಪದರ ಪದರವಾಗಿ, ಕಚ್ಚಿದರೆ ಗರಗರ ಅನ್ನುವ ಹಾಗೆ ಬಂದಿತ್ತು. ಗಂಡಿನ ತಾಯಿ ಇನ್ನೊಂದಕ್ಕೆ ಕೈ ಹಾಕುತ್ತಾ, "ಸಂದಾಗದೆ ಕಣಮ್ಮ. ಯಾರ್ ಮಾಡಿದ್ದು?" ಎಂದು ಕೇಳಿದರು.

"ಇನ್ಯಾರು, ನಮ್ಮುಡ್ಗೀನೆಯಾ!" ಎಂದರು ನಮ್ಮತ್ತೆ, ಕಣ್ಣು ಮಿಟುಕಿಸದೆ.

ಹೆಣ್ಣು ನೋಡುವ ದಿನ ಅಡುಗೆಯೆಲ್ಲ ಹುಡುಗಿಯದೇ ಎಂದು ಹೇಳಿಕೊಳ್ಳುವುದು ನಮ್ಮ ಕಡೆ ನಡೆದುಕೊಂಡು ಬಂದದ್ದು. ಉಪ್ಪಿಟ್ಟಿಗೆ ಹೇಳಿಕೊಳ್ಳಲಿ, ಯಾರು ಬೇಡ ಅಂದರು? ಬೆಳಗಿನಿಂದ ಒಲೆಯ ಹತ್ತಿರ ಬೆಂದವಳು ನಾನು. ನಾದಿನಿ ಆ ಹಿಟ್ಟನ್ನು ಮುಟ್ಟಿಯೂ ಇರಲಿಲ್ಲ. ಅವಳು ತಲೆ ಬಗ್ಗಿಸಿ ಕೂತಿದ್ದಳು, ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟರೆ ಸಂಬಂಧ ಮುರಿದೀತೆಂದು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಮದುವೆಯಾಗಿ ಕೆಲವು ತಿಂಗಳಿಗೆ ನಾದಿನಿಯ ಫೋನು ಬಂತು. ಅಳುತ್ತಿದ್ದಳು.

"ಅತ್ಗೆ, ಮನೇಗ್ ಯಾರ್ ಬಂದ್ರೂವೆ ನಮ್ಮತ್ತೆ ಅದ್ನೇ ಮಾಡು ಅಂತಾರೆ. ಮೈದಾ ಇಲ್ಲ, ಓವನ್ ಕೆಟ್ಟದೆ ಅಂತ ನೆಪ ಏಳ್ಕಂಡೇ ಬಂದಿವ್ನಿ. ಭಾನ್ವಾರ ಅವ್ರ ತಮ್ಮನ್ ಮನೆಯೋರು ಬತ್ತಾವ್ರೆ. ನೀನೇ ಮಾಡಿ ಗುಟ್ಟಾಗಿ ಬಸ್ಸಲ್ಲಿ ಕಳಿಸ್ಬುಡು. ಗೊತ್ತಾದ್ರೆ ಇಲ್ಲಿ ನನ್ ಮರ್ವಾದೆ ಓಯ್ತದೆ."

"ಕಳ್ಸಕ್ಕಿಲ್ಲ ಕಣೆ, ನಾನೇ ಬತ್ತೀನಿ" ಎಂದೆ. ಇನ್ನೊಂದು ಸಲ ಸುಳ್ಳಿಗಾಗಿ ಹಿಟ್ಟು ನಾದುವುದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಭಾನುವಾರ ನಾದಿದ ಹಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಮದ್ದೂರಿನ ಬಸ್ಸು ಹತ್ತಿದೆ. ಹೋದವಳೇ ಅವರ ಅಡುಗೆಮನೆಯಲ್ಲಿ ಕೂತು ಉಂಡೆ ಕಟ್ಟುತ್ತಾ, ನಾದಿನಿಯ ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಮ್ಮಾ, ಅವತ್ತು ಅದ ಮಾಡಿದ್ದು ನಾನು, ಇವ್ಳಲ್ಲ. ಇವ್ಳನ್ನ ಬಯ್ಬೇಡಿ, ಸುಳ್ಳೇಳಿದ್ದು ನಮ್ಮತ್ತೆ." ಬಾಗಿಲಲ್ಲಿದ್ದ ನಾದಿನಿ ಬಿಳುಚಿಕೊಂಡಳು.

ಅವಳ ಅತ್ತೆಗೆ ಮಾತ್ರ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಗೊತ್ತು ಬುಡಮ್ಮ. ಬಂದ್ ವಾರಕ್ಕೇ ಇವ್ಳ ಚಪಾತಿ ನೋಡಿ ಗೊತ್ತಾಯ್ತು."

"ಗೊತ್ತಿದ್ದೂ ಇಷ್ಟ್ ದಿನ ಮಾಡು ಮಾಡು ಅಂತ ಯಾಕ್ ಕಾಡಿದ್ರಿ?"

"ಏನ್ ಮಾಡ್ತಾಳೆ ನೋಡಾನ ಅಂತ" ಎಂದು ಆಕೆ ನಕ್ಕರು.

ನೋಡಾನ ಅಂತ! ಮನೆಗೆ ನೆಂಟರು ಬಂದಾಗಲೆಲ್ಲ ಒಂದು ಹುಡುಗಿಯ ಜೀವ ಬಾಯಿಗೆ ಬರುತ್ತಿದ್ದುದು ಇವರಿಗೆ ತಮಾಷೆ. ನನ್ನ ಕೆಲಸಕ್ಕೆ ಬೇರೆಯವರ ಹೆಸರಿಟ್ಟ ಅತ್ತೆಯ ಮೇಲಿನ ಸಿಟ್ಟು ಇದರ ಮುಂದೆ ಏನೇನೂ ಅಲ್ಲ ಅನ್ನಿಸಿತು. ಅಷ್ಟರಲ್ಲಿ ಹೊರಗೆ ನೆಂಟರು ಬಂದು ಚಪ್ಪಲಿ ಬಿಡುವ ಸದ್ದಾಯಿತು. ನಾನು ಎದ್ದು ಲಟ್ಟಣಿಗೆಯನ್ನು ಆಕೆಯ ಕೈಗಿಟ್ಟೆ.

"ಕುಂತ್ಕಳಿ, ಈಗ ನೀವ್ ಲಟ್ಟಿಸಿ" ಎಂದೆ. "ಏನ್ ಮಾಡ್ತೀರಿ ಅಂತ ನಾವಿಬ್ರೂ ನೋಡಾನ."