ಒಂದು ಸಾಲು ಬಿಟ್ಟು ಒಂದು ಸಾಲು

ಗೆಳೆಯರೇ, ಮಕ್ಕಳು ಓದುವಾಗ ಸಾಲು ಬಿಟ್ಟರೆ ಗದರಬೇಡಿ. ನಾನು ಇವತ್ತು ಸಂಜೆ ಗದರಿದೆ.

ಎರಡನೇ ಕ್ಲಾಸಿನ ನನ್ನ ಮಗಳು ಒಂದು ಸಾಲು ಓದುತ್ತಾಳೆ. ಮುಂದಿನ ಸಾಲಿನ ಕೆಳಗೆ ಬೆರಳನ್ನು ಮಾತಿಲ್ಲದೆ ನಿಧಾನಕ್ಕೆ ಎಳೆಯುತ್ತಾಳೆ. ಆಮೇಲೆ ಅದರ ಮುಂದಿನದನ್ನು ಓದುತ್ತಾಳೆ. ತಪ್ಪಿಲ್ಲ, ತಡವರಿಕೆಯಿಲ್ಲ, ಆದರೆ ಅರ್ಧ ಪಾಠವೇ ಇಲ್ಲ.

"ಯಾಕೆ ಸಾಲು ಬಿಡ್ತಿದೀಯ?"

"ಅದು ಸಹನಾ ಸಾಲು ಅಮ್ಮಾ."

ಸಹನಾ ಶಾಲೆಯಲ್ಲಿ ಇವಳ ಪಕ್ಕ ಕೂರುತ್ತಿದ್ದವಳು. ಮಿಸ್ಸು ಇಬ್ಬರಿಗೂ ಒಂದೊಂದು ಸಾಲು ಹಂಚಿ ಓದಿಸುತ್ತಿದ್ದರಂತೆ. ಹೋದ ತಿಂಗಳು ಆ ಮನೆಯವರು ನಮ್ಮ ಕೋಗಿಲು ಬಡಾವಣೆ ಬಿಟ್ಟು ಧಾರವಾಡಕ್ಕೆ ವಾಪಸ್ಸು ಹೋದರು.

"ಅವಳಿಲ್ಲಿ ಇಲ್ವಲ್ಲ ಪುಟ್ಟಿ, ನಾನೇ ಓದ್ತೀನಿ ಬಿಡು" ಎಂದು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡು ಸಹನಾಳ ಸಾಲನ್ನು ಗಟ್ಟಿಯಾಗಿ ಓದಿದೆ. ಮಗಳು ಪುಸ್ತಕ ನೋಡಲಿಲ್ಲ. ಚಾಪೆಯ ಖಾಲಿ ತುದಿಯ ಕಡೆ ತಲೆ ವಾಲಿಸಿ ಏನನ್ನೋ ಕೇಳಿಸಿಕೊಂಡಳು.

"'ನಿಮ್ಮಮ್ಮ ಒಂದು ಶಬ್ದ ಬಿಟ್ಟಾರ ನೋಡು' ಅಂತಿದಾಳೆ."

ಪುಸ್ತಕ ನೋಡಿದೆ. ಬಿಟ್ಟಿದ್ದೆ.

ಮನೆಯಲ್ಲಿ ಯಾರ ಓದು ತಿದ್ದಬೇಕು ಎಂಬುದು ಇತ್ಯರ್ಥವಾಯಿತು. ನಾಳೆಯಿಂದ ಚಾಪೆಯ ಮೇಲೆ ನಾನು ಸ್ವಲ್ಪ ಸರಿದು ಕೂರುತ್ತೇನೆ, ಮೂವರಿಗೆ ಅದು ಸಣ್ಣದು.